ಪಸ್ಕ ಹಬ್ಬ ಕಲಿಸಿದ ನನ್ನ ಅನುಭವ

ಸಂಡೆ ಸ್ಕೂಲಿನಲ್ಲಿ ಪಸ್ಕ ಹಬ್ಬವನ್ನು, ಅಂದರೆ ಇಸ್ರಾಯೇಲ್ಯರು ಐಗುಪ್ತದ (ಈಜಿಪ್ಟಿನ) ದಾಸತ್ವದಿಂದ ಬಿಡುಗಡೆಯಾಗಿ ಹೊರಟ ರಾತ್ರಿಯನ್ನು ನೆನೆಯುವ ಯೆಹೂದ್ಯರ ಹಬ್ಬವನ್ನು, ಕಲಿಸುವಾಗ ಕಡೆಯ ವಾರದವರೆಗೂ ಯೇಸುವಿನ ಹೆಸರೆತ್ತುವುದಿಲ್ಲ ಎಂದಾಗ ಸಭೆಯ ಹಿರಿಯರು ಒಪ್ಪಲೇ ಇಲ್ಲ. ಈಗ ಅವರೇ ಮೊಮ್ಮಕ್ಕಳನ್ನು ನನ್ನ ತರಗತಿಗೆ ತಂದು ಬಿಡುತ್ತಾರೆ.

ಮೊದಲು ನಾಟಕ ಮಾಡಿಸಿದ್ದೆ. ಬಾಡಿಗೆಯ ಉಡುಪು, ಐಗುಪ್ತದ ರಾಜ ಫರೋಹನ ಕಿರೀಟ, ಎಲ್ಲರಿಗೂ ಮಟನ್ ಊಟ ಎಂದು ಆರೇಳು ಸಾವಿರ ಖರ್ಚಾಯಿತು. ಮಕ್ಕಳ ನೆನಪಿನಲ್ಲಿ ಉಳಿದದ್ದು ಕಿರೀಟ. ಆಮೇಲೆ ನಾಲ್ಕು ಬಟ್ಟಲು ದ್ರಾಕ್ಷಾರಸ ಇಟ್ಟು ಯೆಹೂದ್ಯರು ಪಸ್ಕದ ರಾತ್ರಿ ಕ್ರಮವಾಗಿ ಮಾಡುವ ಸೇದೆರ್ ಊಟವನ್ನೇ ನಡೆಸಿ ನೋಡಿದೆ. ಅದನ್ನೂ ಬಿಟ್ಟೆ. ಆ ಕ್ರಮ ಬಹುಮಟ್ಟಿಗೆ ರೂಪುಗೊಂಡದ್ದು ಕ್ರಿ.ಶ. 70ರಲ್ಲಿ ಯೆರೂಸಲೇಮಿನ ದೇವಾಲಯ ನಾಶವಾದ ಮೇಲೆ. ಯೇಸು ಕಡೆಯ ರಾತ್ರಿ ಮಾಡಿದ್ದು ಇದನ್ನೇ ಎಂದು ಮಕ್ಕಳಿಗೆ ಹೇಳುವಂತಿಲ್ಲ. ಅಲ್ಲದೆ ಅದು ಯೆಹೂದ್ಯರು ಇಂದಿಗೂ ತಮ್ಮ ಮನೆಗಳಲ್ಲಿ ಆಚರಿಸುವ ಹಬ್ಬ, ನಾವು ವೇಷ ಹಾಕಿ ಆಡುವಂಥದ್ದಲ್ಲ.

ಈಗ ಈ ಹಬ್ಬದ ಕಥೆಯಿರುವ ಬೈಬಲಿನ ವಿಮೋಚನಕಾಂಡದ 12ನೇ ಅಧ್ಯಾಯವೊಂದೇ ಸಾಕು. ಕುರಿಮರಿಯನ್ನು ತಿಂಗಳ 10ನೇ ದಿನ ಆರಿಸಿ 14ರ ಸಂಜೆಯವರೆಗೆ ಇಟ್ಟುಕೊಂಡು, ಆಗ ಕೊಯ್ಯಬೇಕಿತ್ತು. ಅಷ್ಟು ದಿನ ಮೇವು ಹಾಕಿದ ಮರಿಗೆ ಹೆಸರಿಡದೆ ಇರುತ್ತಿದ್ದಿರಾ ಎಂದು ಕೇಳಿದರೆ, ಮನೆಯಲ್ಲಿ ಕುರಿ ಸಾಕಿದ ಮಕ್ಕಳು ಸುಮ್ಮನಾಗುತ್ತಾರೆ. ಅಲ್ಲಿ ನಾನು ಅವಸರ ಮಾಡುವುದಿಲ್ಲ.

ಆ ರಾತ್ರಿ ತಿನ್ನಬೇಕಿದ್ದ ಹುಳಿ ಬರಿಸದ ರೊಟ್ಟಿ ತರಗತಿಯಲ್ಲೇ ಆಗಬೇಕು. ಗೋಧಿಹಿಟ್ಟು, ನೀರು, ಕಾದ ಕಾವಲಿ, ಗೋಡೆ ಗಡಿಯಾರ. ಹಿಟ್ಟಿಗೆ ನೀರು ಬಿದ್ದ 18 ನಿಮಿಷದೊಳಗೆ ಬೇಯಬೇಕೆಂಬುದು ಯೆಹೂದ್ಯರ ನಿಯಮ. ಗಡಿಯಾರ ನೋಡಿಕೊಂಡು ಲಟ್ಟಿಸುವ ಮಕ್ಕಳಿಗೆ ಐಗುಪ್ತದ ಆ ರಾತ್ರಿಯ ಆತುರವನ್ನು ಬೇರೆ ವಿವರಿಸಬೇಕಿಲ್ಲ. ನಡು ಬಿಗಿದು, ಕೋಲು ಹಿಡಿದು, ಚಪ್ಪಲಿ ಮೆಟ್ಟಿಕೊಂಡೇ ತಿನ್ನಿ ಎನ್ನುತ್ತೇನೆ. ಚಪ್ಪಲಿ ಹಾಕಿಕೊಂಡು ಊಟವೇ, ಯಾಕೆ ಟೀಚರ್ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಮಕ್ಕಳು ಹೀಗೆ ಕೇಳುವರೆಂದು 26ನೇ ವಚನವೇ ಹೇಳುತ್ತದೆ.

ಮಾಂಸ, ರೊಟ್ಟಿಯ ಜೊತೆ ಕಹಿ ಸೊಪ್ಪನ್ನೂ ತಿನ್ನಬೇಕೆಂದು ಆ ಅಧ್ಯಾಯದಲ್ಲಿದೆ. ಕಹಿಗೆ ಬೇವು ಕೊಟ್ಟರೆ, ಯುಗಾದಿ ಆಸುಪಾಸಿನಲ್ಲೇ ಇರುವುದರಿಂದ, ಬೆಲ್ಲ ಎಲ್ಲಿ ಎನ್ನುತ್ತಾರೆ. ಹಾಗಲಕಾಯಿ ಕೆಲವರಿಗೆ ಅಚ್ಚುಮೆಚ್ಚು. ಕೊನೆಗೆ ಹಸಿ ಮೆಂತ್ಯದ ಸೊಪ್ಪು ಸರಿಹೋಯಿತು. ಖರ್ಜೂರ, ಬೀಜಗಳನ್ನು ಅರೆದು ಖರೋಸೆತ್ ಎಂಬ ಸೇದೆರ್ ಊಟದ ಸಿಹಿ ಚಟ್ನಿ ಕೂಡ ಮಾಡಿ ನೋಡಿದೆ; ಅದು ವಿಮೋಚನಕಾಂಡದಲ್ಲಿಲ್ಲ, ಆದರೂ ದಾಸರಾಗಿದ್ದ ಇಸ್ರಾಯೇಲ್ಯರು ಇಟ್ಟಿಗೆ ಮಾಡುತ್ತಿದ್ದ ಮಣ್ಣನ್ನು ತೋರಿಸಲು ಅದಕ್ಕಿಂತ ಒಳ್ಳೆಯದು ಸಿಗಲಿಲ್ಲ. ಎಲ್ಲ ಸೇರಿ ಮುನ್ನೂರು ರೂಪಾಯಿ ಆದರೆ ಹೆಚ್ಚು.

ಶುಭ ಶುಕ್ರವಾರದ ಹಿಂದಿನ ತರಗತಿಯಲ್ಲಿ 46ನೇ ವಚನ ಓದಿಸುತ್ತೇನೆ: ಮರಿಯ ಒಂದು ಎಲುಬನ್ನೂ ಮುರಿಯಬಾರದು. ಕೂಡಲೇ ಯೋಹಾನ 19:36: ಶಿಲುಬೆಯ ಮೇಲೆ ಸತ್ತ ಯೇಸುವಿನ ಎಲುಬನ್ನು ಮುರಿಯದೆ ಬಿಟ್ಟಾಗ ಇದೇ ಮಾತು ನೆರವೇರಿತು ಎನ್ನುವ ವಚನ. ಎರಡರ ನಡುವೆ ನಾನು ಕೇಳುವ ಪ್ರಶ್ನೆಯೊಂದಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಮಕ್ಕಳು ಮೊದಲೇ ಓದಿಬಿಟ್ಟರೆ ಕೆಲಸ ಕೆಡುತ್ತದೆ. ಈ ಸಲ ಅದಕ್ಕೆ ಉತ್ತರ ಕೊಟ್ಟವಳು ಆರನೇ ತರಗತಿಯ ಹುಡುಗಿ. ಸಭಾಪಾಲಕರು ಅವಳ ಮಾತನ್ನೇ ಶುಕ್ರವಾರದ ಪ್ರಸಂಗಕ್ಕೆ ತೆಗೆದುಕೊಂಡರು.