ಪೆನ್‌ಡ್ರೈವ್‌ನ ವ್ಯಾಲೆಟ್ ಯಾಕೆ ಸೊನ್ನೆ ತೋರಿಸಿತು

ಚಿಕ್ಕಪ್ಪನ ಮಗ ಫೋನ್ ಮಾಡಿದಾಗ ನಾನು ಹೇಳಿದ್ದು ಇಷ್ಟೇ: ಕಂಪ್ಯೂಟರ್ ಆಫ್ ಮಾಡು, ಮತ್ತೆ ಆನ್ ಮಾಡಬೇಡ. ಅವನ ಹಳೇ ಡೆಸ್ಕ್‌ಟಾಪ್‌ಗೆ ಯಾರೋ ಫಾರ್ಮ್ಯಾಟ್ ಹೊಡೆದು ಹೊಸದಾಗಿ ವಿಂಡೋಸ್ ಹಾಕಿಕೊಟ್ಟಿದ್ದರು. 2014ರಿಂದ ಬಿಟ್‌ಕಾಯಿನ್ ಇಟ್ಟಿದ್ದ ವ್ಯಾಲೆಟ್ ಫೈಲೂ ಅದರ ಜೊತೆಗೇ ಹೋಗಿತ್ತು. “ಬ್ಯಾಕಪ್ ಇದೆಯಲ್ಲಣ್ಣ” ಅಂತ ಪೆನ್‌ಡ್ರೈವ್ ತಂದುಕೊಟ್ಟ. ತೆರೆದರೆ ಬ್ಯಾಲೆನ್ಸ್ ಸೊನ್ನೆ.

ಆ ಬ್ಯಾಕಪ್ ತೆಗೆದ ಮೇಲೆ ಅವನು ವ್ಯಾಲೆಟ್‌ಗೆ ಪಾಸ್‌ವರ್ಡ್ ಹಾಕಿದ್ದ. ಎಡವಟ್ಟಾಗಿದ್ದೇ ಅಲ್ಲಿ. ಅವನು ಬಳಸುತ್ತಿದ್ದ ವ್ಯಾಲೆಟ್ ಪ್ರೋಗ್ರಾಂ ಬಿಟ್‌ಕಾಯಿನ್ ಕೋರ್ ಆಗ 100 ಕೀಗಳನ್ನು, ಅಂದರೆ ಬಿಟ್‌ಕಾಯಿನ್ ಖರ್ಚು ಮಾಡೋಕೆ ಬೇಕಾದ ರಹಸ್ಯ ಸಂಖ್ಯೆಗಳನ್ನು, ಮೊದಲೇ ಮಾಡಿಟ್ಟುಕೊಳ್ಳುತ್ತಿತ್ತು. ಪಾಸ್‌ವರ್ಡ್ ಹಾಕಿದ ಕೂಡಲೇ ಅವನ್ನು ಬದಿಗೆ ಸರಿಸಿ ಹೊಸ ಕೀಗಳನ್ನು ಮಾಡುತ್ತಿತ್ತು. ಹಳೇ ಬ್ಯಾಕಪ್ ಇನ್ನು ನಂಬಬೇಡಿ ಅಂತ ಪರದೆ ಮೇಲೆ ಹೇಳುತ್ತೆ ಕೂಡ. ಯಾರು ಓದ್ತಾರೆ? ಆಮೇಲೆ ಅವನು ಒಬ್ಬರಿಗೆ ಸ್ವಲ್ಪ ಕಳಿಸಿದ್ದ. 500ರ ನೋಟು ಕೊಟ್ಟರೆ ಚಿಲ್ಲರೆ ವಾಪಸ್ ಬರುತ್ತೆ ಅಲ್ವಾ, ಇಲ್ಲೂ ಹಾಗೇ. ಆದರೆ ಆ ಚಿಲ್ಲರೆ ಬಂದು ಕೂರುವುದು ಹೊಸ ಕೀಯ ವಿಳಾಸದಲ್ಲಿ. ಪೆನ್‌ಡ್ರೈವ್‌ನಲ್ಲಿ ಆ ಕೀ ಇಲ್ಲವೇ ಇಲ್ಲ.

“ಹಾಗಾದ್ರೆ ಆ ವೇಲ್ಸ್‌ನವನ ಥರ ಆಯ್ತು ನನ್ನ ಕಥೆ” ಅಂದ. ನ್ಯೂಪೋರ್ಟ್‌ನ ಜೇಮ್ಸ್ ಹೋವೆಲ್ಸ್ ಕಥೆ ಬೇರೆ. 2013ರಲ್ಲಿ ಬಿಟ್‌ಕಾಯಿನ್ ಕೀ ಇದ್ದ ಅವನ ಡಿಸ್ಕೇ ಕಸದ ಗುಡ್ಡೆ ಸೇರಿತು. ಇಲ್ಲಿ ಡಿಸ್ಕ್ ಕೈಯಲ್ಲೇ ಇದೆ. ಅದೂ ತಿರುಗುವ ಹಳೇ ಹಾರ್ಡ್ ಡಿಸ್ಕ್. ಕ್ವಿಕ್ ಫಾರ್ಮ್ಯಾಟ್ ಆದರೂ ಅದರಲ್ಲಿ ಹಳೇ ಡೇಟಾ ಸುಮ್ನೆ ಬಿದ್ದಿರುತ್ತೆ, ಮೇಲೆ ಬೇರೇನಾದರೂ ಬರೆಯುವ ತನಕ. ತಿರುಗುವ ಭಾಗವಿಲ್ಲದ ಎಸ್‌ಎಸ್‌ಡಿ ಆಗಿದ್ದರೆ, ಬೇಡದ ಡೇಟಾ ಅಳಿಸಲು ಹೇಳುವ ಟ್ರಿಮ್ ಅನ್ನೋ ಆದೇಶ ಅದನ್ನು ಗುಡಿಸಿ ಹಾಕಿರುತ್ತಿತ್ತು, ನಾನು ಕೈ ಹಾಕುತ್ತಲೇ ಇರಲಿಲ್ಲ.

ಡಿಸ್ಕ್ ಬಿಚ್ಚಿ ಲಿನಕ್ಸ್ ಮೆಷೀನ್‌ಗೆ ಸಿಕ್ಕಿಸಿದೆ. ಡಿಡಿರೆಸ್ಕ್ಯೂ ಅನ್ನೋ ಪ್ರೋಗ್ರಾಂನಲ್ಲಿ ಇಡೀ ಡಿಸ್ಕಿನ ಇಮೇಜ್, ಅಂದರೆ ತದ್ರೂಪು ನಕಲು ತೆಗೆದು, ಮೂಲವನ್ನು ಎತ್ತಿಟ್ಟೆ. ಮುಂದಿನದೆಲ್ಲ ಇಮೇಜ್ ಮೇಲೆ. ಫೈಲ್ ಹೆಸರು ಹಿಡಿದು ಹುಡುಕಿ ಪ್ರಯೋಜನವಿಲ್ಲ. ಪೈವ್ಯಾಲೆಟ್ ಅನ್ನೋ ಹಳೇ ಪೈಥಾನ್ ಪ್ರೋಗ್ರಾಂ ಬೈಟ್ ಬೈಟ್ ಓದಿ ಕೀಗಳ ಗುರುತು ಹುಡುಕುತ್ತೆ. ನನಗೆ ಜಾಸ್ತಿ ಭಯ ಇದ್ದದ್ದು ‘ಎಂಕೀ’ ಅನ್ನೋ ದಾಖಲೆಯದು. ಪಾಸ್‌ವರ್ಡ್‌ನಿಂದ ಬಿಚ್ಚಿಕೊಳ್ಳುವುದು ಅದು, ಅದರಿಂದ ಬಿಚ್ಚಿಕೊಳ್ಳುವುದು ಉಳಿದ ಕೀಗಳು. ಅದೊಂದು ಅಳಿಸಿಹೋದರೆ ಪಾಸ್‌ವರ್ಡ್ ನೆನಪಿದ್ದೂ ದಂಡ.

ಸಿಕ್ಕಿತು. ಪಾಸ್‌ವರ್ಡೂ ಸರಿಹೋಯಿತು. ಚಿಲ್ಲರೆ ಕೂತಿದ್ದ ವಿಳಾಸದ ಕೀ ಬಂತು. ಅದರಲ್ಲಿದ್ದದ್ದನ್ನು ಅವತ್ತೇ ಹೊಸ ವ್ಯಾಲೆಟ್‌ಗೆ ಕಳಿಸಿದೆವು. ಇನ್ನೊಂದು ವಿಳಾಸದ ಕೀ ಮಾತ್ರ ಸಿಗಲಿಲ್ಲ. ಅಲ್ಲಿದ್ದದ್ದು ಪುಡಿಗಾಸು. ಈಗಲೂ ಸಿಕ್ಕಿದಾಗೆಲ್ಲ ಅವನು ಅದನ್ನೇ ಕೇಳುತ್ತಾನೆ: “ಇನ್ನೊಂದ್ಸಲ ಹುಡುಕಿ ನೋಡ್ತೀಯಾಣ್ಣ?”