ಮೆಲುಕು ನಿಲ್ಲಿಸೋಕೆ ಊಟವನ್ನೇ ಕ್ಲಿನಿಕ್ಕಿಗೆ ತಂದೆ: ನನ್ನ ಪೋಸ್ಟ್‌ಡಾಕ್ ವರ್ಷ

ಅಮೆರಿಕದ ಮಿಡ್‌ವೆಸ್ಟಿನ ಒಂದು ಮಕ್ಕಳ ಆಸ್ಪತ್ರೆಯ ಸೈಕಾಲಜಿ ವಿಭಾಗದಲ್ಲಿ ಪೋಸ್ಟ್‌ಡಾಕ್, ಅಂದರೆ ಡಾಕ್ಟರೇಟ್ ಆದ ಮೇಲಿನ ತರಬೇತಿ ಕೆಲಸ, ಸೇರಿದ ಮೊದಲ ತಿಂಗಳು. ಅಮ್ಮನಿಗೆ ಫೋನಿನಲ್ಲಿ ಕೆಲಸ ವಿವರಿಸುತ್ತಿದ್ದೆ. ಇಲ್ಲಿ ಕೆಲವು ಮಕ್ಕಳಿಗೆ ತಿಂದದ್ದು ತಿರುಗಿ ಬಾಯಿಗೆ ಬರುತ್ತೆ, ಕೆಲವರು ಅದನ್ನೇ ಮತ್ತೆ ಅಗಿದು ನುಂಗುತ್ತಾರೆ, ಥೇಟ್ ಮೆಲುಕು ಹಾಕಿದ ಹಾಗೆ, ಅದನ್ನು ನಿಲ್ಲಿಸೋದು ನನ್ನ ಕೆಲಸ ಎಂದೆ. ಅಮ್ಮ ಜೋರಾಗಿ ನಕ್ಕರು. "ನಮ್ಮ ಕೊಟ್ಟಿಗೇಲಿ ಹಸು ಮೆಲುಕು ಹಾಕೋದು ನಿಲ್ಲಿಸಿದ್ರೆ ಡಾಕ್ಟರನ್ನ ಕರೀತೀವಿ. ಅಲ್ಲಿ ಹಾಕಿದ್ರೆ ಕರೀತಾರಾ?"

ರೂಮಿನೇಶನ್ ಸಿಂಡ್ರೋಮ್ ಬಗ್ಗೆ ಹೇಳುತ್ತಿದ್ದೇನೆ. ನಮ್ಮ ಕ್ಷೇತ್ರದವರಿಗೆ ಆ ಪದ ಕೇಳಿದರೆ ಖಿನ್ನತೆಯವರು ಯೋಚನೆಯನ್ನು ತಿರುವಿ ಹಾಕೋದೇ ನೆನಪಾಗುತ್ತೆ. ಇದು ಹೊಟ್ಟೆಯದ್ದು. ಹೊಟ್ಟೆ ಕರುಳಿನ ಇಂಥ ತೊಂದರೆಗಳನ್ನು ಗುರುತಿಸೋಕೆ ಡಾಕ್ಟರುಗಳು ಬಳಸುವ ರೋಮ್ 4 ಮಾನದಂಡದ ವಿವರ ಇಲ್ಲಿ ಬೇಡ, ಬಿಡಿ. ನನ್ನ ಹತ್ತಿರ ಬರುವ ಹೊತ್ತಿಗೆ ಈ ಮಕ್ಕಳಿಗೆ ಎಂಡೋಸ್ಕೋಪಿ, ಹೊಟ್ಟೆ ಖಾಲಿಯಾಗುವ ಸ್ಕ್ಯಾನ್, ಆಸಿಡ್ ಮಾತ್ರೆ ಎಲ್ಲ ಮುಗಿದಿರುತ್ತಿತ್ತು. ರಿಪೋರ್ಟೆಲ್ಲ ನಾರ್ಮಲ್. ಕೊನೆಗೆ "ಸೈಕಾಲಜಿಗೆ ಕಳಿಸಿ." ಅಪ್ಪ ಅಮ್ಮ ಬಾಗಿಲಲ್ಲೇ ಸಿಟ್ಟಾಗಿರುತ್ತಿದ್ದರು: ನಮ್ಮ ಮಗು ನಾಟಕ ಮಾಡ್ತಿದೆ ಅಂತೀರಾ?

ಮೊದಲ ಮೂರು ಮಕ್ಕಳಲ್ಲಿ ಪೂರ್ತಿ ಸೋತೆ. ಎಲ್ಲರೂ ಕಲಿಸೋ ಹೊಟ್ಟೆ ಉಸಿರನ್ನೇ ನಾನೂ ಕಲಿಸಿದೆ. ಮಂಚದ ಮೇಲೆ ಮಲಗಿಸಿ, ಹೊಟ್ಟೆ ಮೇಲೊಂದು ಗೊಂಬೆ ಇಟ್ಟು, ಗೊಂಬೆ ಏಳಬೇಕು, ಎದೆ ಅಲುಗಾಡಬಾರದು. ಕ್ಲಿನಿಕ್ಕಿನಲ್ಲಿ ಚೆನ್ನಾಗಿ ಮಾಡುತ್ತಿದ್ದರು. ಮನೆಗೆ ಹೋಗಿ ಊಟಕ್ಕೆ ಕೂತರೆ ಮತ್ತೆ ಅದೇ ಕಥೆ. ಒಬ್ಬ ಹುಡುಗಿಯ ತಾಯಿ ಪ್ರತಿ ತುತ್ತಿಗೂ "ಉಸಿರು ತಗೋ, ಉಸಿರು ತಗೋ" ಅಂತ ಬೆನ್ನು ಬಿದ್ದು ಹುಡುಗಿ ಊಟವನ್ನೇ ಬಿಟ್ಟಳು. ಆ ತಪ್ಪು ನನ್ನದು. ತಾಯಿಗೆ ಸುಮ್ನಿರಿ ಅಂತ ಹೇಳೋದನ್ನೇ ಮರೆತಿದ್ದೆ.

ಬಯೋಫೀಡ್‌ಬ್ಯಾಕನ್ನೂ ನೋಡಿದೆ. ಹೊಟ್ಟೆಗೆ ಸೆನ್ಸರ್ ಅಂಟಿಸಿ, ಸ್ನಾಯು ಸಡಿಲವಾದರೆ ಪರದೆ ಮೇಲೆ ಬಲೂನು ಹಾರುವ ಆಟ. ಮಕ್ಕಳಿಗೆ ಖುಷಿಯೋ ಖುಷಿ. ಊಟದ ಹೊತ್ತಿಗೆ ಬಲೂನು ಇಲ್ಲವಲ್ಲ! ಆರು ವಾರ ಹೋಯಿತು. ಚ್ಯೂಯಿಂಗ್ ಗಮ್ ಪರವಾಗಿಲ್ಲ, ದೊಡ್ಡ ಮಕ್ಕಳಿಗೆ ಶಾಲೆಯಲ್ಲಿ ಊಟವಾದ ಮೇಲೆ ಈಗಲೂ ಹೇಳುತ್ತೇನೆ. ಆದರೆ ಅದೊಂದರಿಂದಲೇ ಆಗಲ್ಲ.

ಆಗ ಹೊಳೆಯಿತು. ಈಜು ಕಲಿಸೋರು ನೀರಿಗೆ ಇಳಿಸಲೇಬೇಕು ಅಲ್ವಾ? ಹಾಗಾದರೆ ಊಟವನ್ನೇ ಕ್ಲಿನಿಕ್ಕಿಗೆ ತರೋಣ.

ಯಾರೂ ಒಪ್ಪಲಿಲ್ಲ. ಮ್ಯಾನೇಜರಿಗೆ ಕಾರ್ಪೆಟ್ ಚಿಂತೆ. ಸೂಪರ್‌ವೈಸರಿಗೆ ಬಿಲ್ಲಿನ ಚಿಂತೆ, ಅದು ನ್ಯಾಯವೇ. ಇಂಥ ಸೆಷನ್ನುಗಳಿಗೆ ಇನ್ಶೂರೆನ್ಸಿಗೆ ಬಿಲ್ ಮಾಡುವ ಹೆಲ್ತ್ ಬಿಹೇವಿಯರ್ ಕೋಡುಗಳು 2020ರಲ್ಲಿ ಬದಲಾದ ಮೇಲೆ ಮೊದಲ ಅರ್ಧ ಗಂಟೆಗೆ 96158, ಆಮೇಲಿನ ಪ್ರತಿ ಹದಿನೈದು ನಿಮಿಷಕ್ಕೆ 96159. ಊಟದ ಸೆಷನ್ನಿಗೆ ಒಂದೂವರೆ ಗಂಟೆ ಬೇಕು. ಅಷ್ಟಕ್ಕೂ ಇನ್ಶೂರೆನ್ಸಿನವರು ದುಡ್ಡು ಕೊಡ್ತಾರೆ ಅನ್ನೋ ನಂಬಿಕೆ ಯಾರಿಗೂ ಇರಲಿಲ್ಲ. ನಾನಿನ್ನೂ ಟ್ರೈನಿ, ನನ್ನ ಹೆಸರಲ್ಲಿ ಬಿಲ್ ಮಾಡೋ ಹಾಗೂ ಇಲ್ಲ. ಹೊಟ್ಟೆ ಡಾಕ್ಟರೊಬ್ಬರು ನಗುತ್ತಾ ಹೇಳಿದರು: ಉಸಿರಾಟದಿಂದ ವಾಂತಿ ನಿಲ್ಲೋದಾದ್ರೆ ನನಗೂ ಕಲಿಸಿ.

ಕೊನೆಗೆ ಒಪ್ಪಂದ ಆಯಿತು. ವಾರಕ್ಕೊಂದು ಸಂಜೆ, ಕಾರ್ಪೆಟ್ ಇಲ್ಲದ ಕೋಣೆ, ಊಟದ ಖರ್ಚು ನನ್ನದು. ನನ್ನ ಸಂಬಳ ವರ್ಷಕ್ಕೆ ಐವತ್ತು ಸಾವಿರ ಡಾಲರ್ ಚಿಲ್ಲರೆ. ಅದರಲ್ಲಿ ತಿಂಗಳ ಬಾಡಿಗೆ ಸಾವಿರದ ಇನ್ನೂರು. ಸೈಕಾಲಜಿಸ್ಟ್ ಲೈಸೆನ್ಸಿಗೆ ಬೇಕಾದ ಇಪಿಪಿಪಿ ಪರೀಕ್ಷೆಗೆ 600 ಡಾಲರ್ ಆಗತಾನೇ ಕಟ್ಟಿದ್ದೆ. ಒಪಿಟಿ, ಅಂದರೆ ಓದು ಮುಗಿದ ಮೇಲೆ ವಿದ್ಯಾರ್ಥಿ ವೀಸಾದಲ್ಲೇ ಕೆಲಸ ಮಾಡೋ ಅನುಮತಿ, ಇದ್ದದ್ದು ಒಂದೇ ವರ್ಷ, ಅದರಲ್ಲಿ ಐದು ತಿಂಗಳು ಆಗಲೇ ಮುಗಿದಿತ್ತು.

ಬಂದವನು ಹನ್ನೊಂದು ವರ್ಷದ ಹುಡುಗ. ಸುಮಾರು ನಾಲ್ಕು ತಿಂಗಳಿಂದ ಶಾಲೆಗೆ ಹೋಗಿರಲಿಲ್ಲ. ಏನು ತಿಂತೀಯಾ ಅಂದರೆ ಪಿಜ್ಜಾ ಅಂದ. ಅವನಿಗೆ ಅತಿ ಹೆಚ್ಚು ವಾಪಸ್ ಬರುತ್ತಿದ್ದದ್ದೇ ಅದು. ಸರಿ, ತರಿಸಿದೆ. ತಾಯಿಯನ್ನು ಕನ್ನಡಿ ಗೋಡೆಯ ಆಚೆ ಕೂರಿಸಿದೆ. ಕೈಯಲ್ಲಿ ಕ್ರಿಕೆಟ್ ಅಂಪೈರ್ ಹಿಡಿಯೋ ಥರದ ಎಣಿಸುವ ಕ್ಲಿಕ್ಕರ್. ಮೊದಲ ದಿನ ಏನೂ ಕಲಿಸದೆ ಸುಮ್ನೆ ಎಣಿಸಿದೆ. ಇಪ್ಪತ್ತೆರಡೋ ಇಪ್ಪತ್ಮೂರೋ ಸಲ ಬಂತು. ನೋಡುತ್ತಾ ಕೂತಾಗ ಗೊತ್ತಾಯಿತು, ಪ್ರತಿ ಸಲವೂ ಬರುವ ಮುಂಚೆ ಅವನ ಟೀ ಶರ್ಟು ಹೊಕ್ಕುಳ ಹತ್ತಿರ ಫಟ್ ಅಂತ ಒಳಗೆ ಹೋಗುತ್ತೆ. ಒಂದು ಸೆಕೆಂಡೂ ಇಲ್ಲ. ಅವನಿಗೇ ಅದು ಗೊತ್ತಿರಲಿಲ್ಲ. ಫೋನಿನಲ್ಲಿ ವಿಡಿಯೋ ತೆಗೆದು ತೋರಿಸಿದೆ. ಅವನು ಕಣ್ಣರಳಿಸಿ, "ಅದು ನಾನಾ ಮಾಡ್ತಿರೋದು?" ಎಂದ. ನೀನಲ್ಲ, ನಿನ್ನ ಹೊಟ್ಟೆಗೆ ಅಂಟಿದ ಅಭ್ಯಾಸ ಎಂದೆ.

ಎರಡನೇ ಸಂಜೆಯಿಂದ ತುತ್ತಿಗೂ ತುತ್ತಿಗೂ ನಡುವೆ ಹೊಟ್ಟೆ ಉಸಿರು. ಒಳಗೆ ನಾಲ್ಕು ಎಣಿಕೆ, ಹೊರಗೆ ಆರು. ಹೊಟ್ಟೆ ಉಬ್ಬಿಸಿಕೊಂಡೇ ಅದನ್ನು ಒಳಗೆ ಎಳೆದುಕೊಳ್ಳೋಕಾಗಲ್ಲ, ಇಷ್ಟೇ ಗುಟ್ಟು. ಬಂದರೂ ಉಗಿಯಬಾರದು, ನುಂಗಿ ಮುಂದಿನ ಉಸಿರು. ಊಟವಾದ ಮೇಲೆ ಇಪ್ಪತ್ತು ನಿಮಿಷ ಹಿಂದಕ್ಕೆ ಒರಗಿ ಕೂತು ಅದೇ. ಮೂರನೇ ಸಂಜೆ ಹತ್ತರ ಒಳಗೆ ಬಂತು. ಐದನೆಯದಕ್ಕೆ ಎರಡು. ನಡುವೆ ನಾಲ್ಕನೆಯದರಲ್ಲಿ ಮತ್ತೆ ಹದಿನೈದಕ್ಕೆ ಏರಿತ್ತು, ಅವತ್ತು ಸೋಡಾ ಕುಡಿಯಲು ಬಿಟ್ಟಿದ್ದೆ. ಹಾಗೆ ಮಾಡಬೇಡಿ.

ಮೊದಲ ತುತ್ತಿಗೆ ಮುಂಚೆ ಮಗುವಿಗೆ ನಾನು ಒಂದೆರಡು ಮಾತು ಹೇಳುತ್ತೇನೆ. ಅರ್ಧ ಕೆಲಸ ಅಲ್ಲೇ ಆಗುತ್ತೆ ಅನ್ನೋದು ನನ್ನ ನಂಬಿಕೆ. ಅದನ್ನಿಲ್ಲಿ ಬರೆಯೋದಿಲ್ಲ. ಕ್ಲಿಕ್ಕರನ್ನು ಯಾವಾಗ ಮಗುವಿನ ಕೈಗೆ ಕೊಡಬೇಕು ಅನ್ನೋದೂ ನನ್ನ ಹತ್ತಿರವೇ ಇರಲಿ. ಜೊತೆಗೆ ಕೂತು ಕೆಲಸ ಮಾಡಿದರೆ ಹೇಳಿಕೊಡ್ತೀನಿ.

ವರ್ಷದ ಕೊನೆಗೆ ಹೀಗೆ ಊಟದ ಸೆಷನ್ನಿಗೆ ಬಂದ ಮಕ್ಕಳು ಒಂಬತ್ತಾದರು. ಆರು ಜನರಿಗೆ ಚೆನ್ನಾಗಿ ಹಿಡಿಯಿತು, ಇಬ್ಬರಿಗೆ ಅರ್ಧಂಬರ್ಧ. ಒಬ್ಬಳಿಗೆ ಏನೂ ಆಗಲಿಲ್ಲ. ತೂಕ ಇಳಿಯೋ ಭಯಕ್ಕಿಂತ ಏರೋ ಭಯವೇ ಅವಳಿಗೆ ಜಾಸ್ತಿ ಇದ್ದದ್ದು ನನಗೆ ತಡವಾಗಿ ಗೊತ್ತಾಯಿತು. ಅವಳನ್ನು ಮೊದಲೇ ಈಟಿಂಗ್ ಡಿಸಾರ್ಡರ್ ತಂಡಕ್ಕೆ ಕಳಿಸಬೇಕಿತ್ತು.

ನಕ್ಕಿದ್ದ ಡಾಕ್ಟರು ಆಮೇಲೆ ಎಂಡೋಸ್ಕೋಪಿಗೆ ಮುಂಚೆಯೇ ಮಕ್ಕಳನ್ನು ನನ್ನ ಕೋಣೆಗೆ ಕಳಿಸತೊಡಗಿದರು. ಪಿಜ್ಜಾ, ಮ್ಯಾಕ್ ಅಂಡ್ ಚೀಸ್, ಪ್ಯಾನ್‌ಕೇಕ್ ಎಲ್ಲ ಸೇರಿ ನಾನು ಸುಮಾರು 400 ಡಾಲರ್ ಖರ್ಚು ಮಾಡಿದ್ದೆ. ನಾನು ಹೊರಡುವ ತಿಂಗಳು ಮ್ಯಾನೇಜರ್ ತಾವಾಗಿಯೇ ಕರೆದು ಅದರಲ್ಲಿ 140 ವಾಪಸ್ ಕೊಡಿಸಿದರು. ಮಿಕ್ಕಿದ್ದಕ್ಕೆ ನಾನು ರಸೀದಿ ಇಟ್ಟಿರಲಿಲ್ಲ.