ರಾತ್ರಿ ಎಂಟಕ್ಕೆ ಬಾಣಲೆ ಖಾಲಿ: ಹಾಕಿಕೊಂಡ ನೇಮ ಉಳಿಸಿಕೊಳ್ಳುವುದು ಹೇಗೆ?

ಮೈಸೂರಿನಲ್ಲಿ ನಮ್ಮದೊಂದು ಸಣ್ಣ ಕುರುಕಲು ತಿಂಡಿ ಅಂಗಡಿ. ಚಕ್ಕುಲಿ, ಕೋಡುಬಳೆ, ನಿಪ್ಪಟ್ಟು, ಹಬ್ಬ ಬಂದರೆ ಮೈಸೂರು ಪಾಕ್. ನಮ್ಮ ಮನೆ ಮಕ್ಕಳಿಗೆ ಕೊಡದ್ದನ್ನು ಗಿರಾಕಿಗೂ ಕೊಡಬಾರದು ಅಂತ ಮೊದಲ ದಿನವೇ ದೇವರ ಮುಂದೆ ಅಂದುಕೊಂಡಿದ್ದೆ. ಅದನ್ನು ದಿನಾ ನಡೆಸುವುದು ಹೇಗೆ ಅಂತ ಗೊತ್ತಾಗಿದ್ದು ಒಂದು ದೀಪಾವಳಿಯಲ್ಲಿ ಎಡವಿದ ಮೇಲೆ.

ಆ ವಾರ ಆರ್ಡರ್ ಜಾಸ್ತಿ, ಎಣ್ಣೆ ಬೆಲೆಯೂ ಏರಿತ್ತು. ರಾತ್ರಿ ಬಾಣಲೆಯಲ್ಲಿ ನಾಲ್ಕು ಲೀಟರ್ ಉಳಿಯಿತು. ತೆಗೆದುಹಾಕಲು ಮನಸ್ಸು ಬರಲಿಲ್ಲ. ಬೆಳಗ್ಗೆ ಅದರ ಮೇಲೇ ಹೊಸ ಎಣ್ಣೆ ಸುರಿದೆವು, ಮರುದಿನವೂ ಹಾಗೇ. ಮೂರನೇ ದಿನ ಚಕ್ಕುಲಿ ಬಿಟ್ಟರೆ ನೊರೆ ಇಳಿಯಲೇ ಇಲ್ಲ. ಹೊರಗೆ ಬೇಗ ಕಪ್ಪಗಾಯಿತು, ಮುರಿದರೆ ಒಳಗಿನ್ನೂ ಮೆತ್ತಗೆ. ಬಾಣಲೆ ಮುಂದೆ ನಿಲ್ಲುವ ಅಣ್ಣ, "ಅಕ್ಕ, ಇದನ್ನ ಪಾಪುಗೆ ಕೊಡ್ತೀರಾ?" ಅಂದರು. ನನ್ನ ಬಾಯಿಂದ ಮಾತು ಹೊರಡಲಿಲ್ಲ. ಅವತ್ತು ಕರಿದದ್ದು ಯಾವುದೂ ಅಂಗಡಿಯ ಡಬ್ಬಿಗೆ ಹೋಗಲಿಲ್ಲ.

ಆಮೇಲೆ ಮೊದಲು ಮಾಡಿದ್ದು ಇದು: ಆ ನಂಬಿಕೆಯನ್ನು ಇಷ್ಟು ಗಂಟೆಗೆ ಇಂಥ ಕೆಲಸ ಅನ್ನುವ ನೇಮ ಮಾಡಿಕೊಂಡೆ. "ಒಳ್ಳೆ ಎಣ್ಣೆ ಬಳಸಬೇಕು" ಅಂದರೆ ಸುಸ್ತಾದ ಮನಸ್ಸು "ಇದೂ ಚೆನ್ನಾಗೇ ಇದೆ" ಅನ್ನುತ್ತೆ. "ಎಂಟಕ್ಕೆ ಬಾಣಲೆ ಖಾಲಿ" ಅಂದರೆ ವಾದವೇ ಇಲ್ಲ. ಕಾನೂನೂ ಒಂದು ಗೆರೆ ಎಳೆದಿದೆ. ಕರಿದ ಎಣ್ಣೆಯಲ್ಲಿ ಪೋಲಾರ್ ಅಂಶ, ಅಂದರೆ ಎಣ್ಣೆ ಕಾದು ಕಾದು ಕೆಟ್ಟಾಗ ಹುಟ್ಟುವ ಅಂಶ, ಶೇ. 25 ದಾಟಿದರೆ ಬಳಸುವಂತಿಲ್ಲ, 2018ರ ಜುಲೈ 1ರಿಂದ. ಆದರೆ ಅದನ್ನು ಅಳೆಯಲು ಮೀಟರ್ ಬೇಕು. ಗಡಿಯಾರ ನೋಡಲು ಯಾವ ಮೀಟರೂ ಬೇಡ, ಅಲ್ವಾ?

ಎರಡನೆಯದು, ನೇಮ ಮುರಿಯುವ ಆಸೆಯೇ ಹುಟ್ಟದ ಹಾಗೆ ಇಡೀ ದಿನದ ಕೆಲಸ ಜೋಡಿಸಿ. ನನಗೆ ಜಾಸ್ತಿ ಉಪಯೋಗಕ್ಕೆ ಬಂದಿದ್ದು ಇದೇ. ನಾಲ್ಕು ಲೀಟರ್ ಉಳಿದರೆ ಯಾರಿಗಾದರೂ ಹೊಟ್ಟೆ ಉರಿಯುತ್ತೆ. ಅದಕ್ಕೇ ಈಗ ಮಧ್ಯಾಹ್ನದ ಮೇಲೆ ಚಿಕ್ಕ ಬಾಣಲೆ. ಸಂಜೆ ಐದಾದ ಮೇಲೆ ಹೊಸ ಎಣ್ಣೆ ಸುರಿಯುವುದಿಲ್ಲ, ಇದ್ದಷ್ಟರಲ್ಲೇ ಕೊನೆಯ ನಿಪ್ಪಟ್ಟು. ಪ್ರತಿ ಒಬ್ಬೆ ಆದ ಮೇಲೆ ಉದುರಿದ ಹಿಟ್ಟನ್ನು ಜಾಲರಿಯಲ್ಲಿ ತೆಗೆಯುತ್ತೇವೆ, ಅದು ತಳದಲ್ಲಿ ಸೀದರೆ ಎಣ್ಣೆ ಬೇಗ ಕೆಡುತ್ತೆ. ಎಂಟು ಗಂಟೆಗೆ ಉಳಿಯುವುದು ಮುಕ್ಕಾಲು ಲೀಟರ್, ಹೆಚ್ಚೆಂದರೆ ಒಂದು. ಅಷ್ಟು ತೆಗೆಯಲು ಕೈ ನಡುಗುವುದಿಲ್ಲ.

ನಿಮ್ಮನ್ನು ತಡೆಯುವ ಹಕ್ಕನ್ನು ಒಬ್ಬರಿಗೆ ಕೊಡಿ. ಎಂಟಾದರೆ ಆ ಅಣ್ಣ ನನ್ನನ್ನು ಕೇಳದೆ ಎಣ್ಣೆ ತೆಗೆಯುತ್ತಾರೆ. ನಾನು ಬೇಡ ಅಂದರೂ ತೆಗೆಯಬೇಕು, ಹಾಗಂತ ನಾನೇ ಹೇಳಿದ್ದೇನೆ.

ಒಂದು ನೇಮ ಕೈಗೆ ಕೂತ ಮೇಲೇ ಇನ್ನೊಂದು. ಎಣ್ಣೆಯದು ಆರು ತಿಂಗಳು ನಡೆದ ಮೇಲೆ ಸಿಹಿ ಬಾಕ್ಸ್ ಹಿಡಿದೆ. ಖಾಲಿ ಬಾಕ್ಸ್ 60 ಗ್ರಾಂ. ಕೆ.ಜಿ.ಗೆ 800 ರೂಪಾಯಿಯ ಸಿಹಿ ಜೊತೆ ತೂಗಿದರೆ ರಟ್ಟಿಗೆ 48 ರೂಪಾಯಿ ತೆಗೆದುಕೊಂಡ ಹಾಗಾಯಿತು. ಈಗ ತಕ್ಕಡಿ ಮೇಲೆ ಬಾಕ್ಸ್ ಇಟ್ಟು, ಅದರ ತೂಕ ಕಳೆಯುವ ಟೇರ್ ಗುಂಡಿ ಒತ್ತಿ, ಗಿರಾಕಿಗೆ ಸೊನ್ನೆ ಕಂಡ ಮೇಲೇ ತುಂಬುವುದು.

ತಪ್ಪಿದ ದಿನ ಲೆಕ್ಕದ ಪುಸ್ತಕದಲ್ಲೇ ತಾರೀಖು, ಕಾರಣ ಬರೆಯಿರಿ. ಅದು ಸಾಕು. ನನ್ನ ಪುಟಗಳಲ್ಲಿ ತಪ್ಪಿದ್ದೆಲ್ಲ ಹಬ್ಬದ ಹಿಂದಿನ ದಿನಗಳೇ. ಹಾಗಾಗಿ ಈಗ ಹಬ್ಬದ ಆರ್ಡರ್ ನಾಲ್ಕು ದಿನ ಮೊದಲೇ ನಿಲ್ಲಿಸುತ್ತೇನೆ.

ಆಸೆ ತೋರಿಸುವವರಿಗೆ ಉತ್ತರವನ್ನೂ ಮೊದಲೇ ಯೋಚಿಸಿಟ್ಟುಕೊಳ್ಳಿ. ಕರಿದ ಎಣ್ಣೆಯನ್ನು ನಾವು ಬಯೋಡೀಸೆಲ್‌ಗೆ ಕೊಡುತ್ತೇವೆ. ತಿಂಗಳಿಗೊಮ್ಮೆ ಯಾರಾದರೂ ಬಂದು, "ಮೇಡಂ, ನಮ್ಮ ತಿಂಡಿ ಗಾಡಿಗೆ ಕೊಡಿ, ಜಾಸ್ತಿ ಕೊಡ್ತೀವಿ" ಅನ್ನುತ್ತಾರೆ. "ಇಲ್ಲಣ್ಣ, ಅದು ಯಾರ ಹೊಟ್ಟೆಗೂ ಹೋಗಲ್ಲ" ಅಂತ ಹೇಳಿ, ಡಬ್ಬದ ಮುಚ್ಚಳ ಬಿಗಿ ಮಾಡುತ್ತೇನೆ.